ಸಿದ್ಧ ಹಾರ್ಡ್ ಡಿಸ್ಕ್, ಜೋಡಿಸಿದ ಹಾರ್ಡ್ ಡಿಸ್ಕ್: ಆಯ್ಕೆಗೆ ಆಧಾರ ಯಾವುದು?

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ನಡೆಯುವ ಮದುವೆ, ಜಾತ್ರೆ, ಉತ್ಸವ ಮತ್ತು ಬಯಲಾಟಗಳ ನೆನಪು ಈಗ ಕಾಗದದ ಆಲ್ಬಮ್‌ಗಳಿಗಿಂತ ಹೆಚ್ಚಾಗಿ ಕಂಪ್ಯೂಟರ್ ಫೈಲುಗಳಲ್ಲಿ ಉಳಿಯುತ್ತಿದೆ. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬಂದು ಸೇರುವ ಭಕ್ತಸಮೂಹ, ಅಲ್ಲಿ ಕೇಳಿಬರುವ ಚೌಡಿಕೆ ಪದ, ಪ್ರತಿ ವರ್ಷ ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವ, ಬೈಲಹೊಂಗಲದ ಕಥೆಯೆಂದೇ ಹೆಸರಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ, ಗೊಡಚಿಯ ವೀರಭದ್ರೇಶ್ವರನ ಜಾತ್ರೆ, ರಾಮದುರ್ಗ ಮತ್ತು ಸುರೇಬಾನದ ನೇಕಾರರ ಮಗ್ಗದ ಕೆಲಸ ಇವೆಲ್ಲವೂ ಕ್ಯಾಮೆರಾ ಮತ್ತು ಮೊಬೈಲ್‌ಗಳಲ್ಲಿ ಸೆರೆಯಾಗಿ, ಕೊನೆಗೆ ಯಾವುದೋ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನೊಳಗೆ ಹೋಗಿ ನೆಲೆಸುತ್ತವೆ. ಹೀಗಾಗಿ ಆ ಡಿಸ್ಕನ್ನು ಹೇಗೆ ಆರಿಸಬೇಕು ಎಂಬುದು ಕೇವಲ ಖರೀದಿಯ ವಿಷಯವಾಗಿ ಉಳಿದಿಲ್ಲ. ಒಂದು ಸೀಮೆಯ ಬದುಕಿನ ದಾಖಲೆ ಮುಂದಿನ ತಲೆಮಾರಿಗೆ ಸಿಗುತ್ತದೆಯೋ ಇಲ್ಲವೋ ಎಂಬುದೂ ಅದನ್ನು ಅವಲಂಬಿಸಿದೆ.

ಸಂಗೊಳ್ಳಿ ರಾಯಣ್ಣನ ದಂಗೆಯನ್ನು ಹಾಡುವ ಲಾವಣಿಯನ್ನು ಶಾಸನತಜ್ಞ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಮುದ್ರಿಸಿದರು. ಆ ಪತ್ರಿಕೆಯ ಪ್ರತಿಗಳು ಹಲವು ಗ್ರಂಥಾಲಯಗಳಲ್ಲಿ ಹರಡಿಕೊಂಡಿದ್ದರಿಂದಲೇ ಆ ಪಠ್ಯ ಇಂದಿಗೂ ಓದಲು ದೊರೆಯುತ್ತದೆ. ಇಂದು ಅದೇ ಲಾವಣಿಯನ್ನು ಯಾವುದಾದರೂ ಊರಿನ ಹಿರಿಯ ಹಾಡುಗಾರರಿಂದ ಹಾಡಿಸಿ ಚಿತ್ರೀಕರಿಸಿದರೆ, ಆ ಚಿತ್ರೀಕರಣ ಒಂದೇ ಒಂದು ಡಿಸ್ಕಿನಲ್ಲಿ ಇರುವ ಸಾಧ್ಯತೆ ಹೆಚ್ಚು, ಮತ್ತು ಆ ಡಿಸ್ಕ್ ಕೆಟ್ಟ ದಿನವೇ ಹಾಡು ಇಲ್ಲವಾಗುತ್ತದೆ. ಈ ಹಿನ್ನೆಲೆಯಲ್ಲಿ ಗ್ರಾಹಕರ ಮುಂದೆ ಎರಡು ದಾರಿಗಳಿವೆ: ಕಂಪನಿಯೇ ಮುಚ್ಚಿ ಮೊಹರು ಮಾಡಿ ಕೊಡುವ ಸಿದ್ಧ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಕೊಳ್ಳುವುದು ಒಂದು, ಡಿಸ್ಕನ್ನೂ ಅದನ್ನು ಕೂರಿಸುವ ಪೆಟ್ಟಿಗೆಯನ್ನೂ, ಅಂದರೆ ಅಂಗಡಿಗಳಲ್ಲಿ ಕೇಸಿಂಗ್ ಎಂದು ಕರೆಯುವ ಸಾಧನವನ್ನೂ, ಬೇರೆ ಬೇರೆಯಾಗಿ ತಂದು ಜೋಡಿಸಿಕೊಳ್ಳುವುದು ಇನ್ನೊಂದು. ಸಾಮಾನ್ಯವಾಗಿ ಬೆಲೆ ಮತ್ತು ವೇಗಗಳನ್ನು ನೋಡಿ ಈ ಪ್ರಶ್ನೆಗೆ ಉತ್ತರ ಹೇಳಲಾಗುತ್ತದೆ. ಆದರೆ ಡಿಸ್ಕ್ ಎಲ್ಲಿ ಇರುತ್ತದೆ, ಎಷ್ಟು ಓಡಾಡುತ್ತದೆ, ಕೆಟ್ಟಾಗ ಅದನ್ನು ಬಿಚ್ಚಿ ಸರಿಪಡಿಸಲು ಸಾಧ್ಯವೇ ಎಂಬ ಮೂರು ಸಂಗತಿಗಳೇ ಅದಕ್ಕಿಂತ ದೊಡ್ಡ ಆಧಾರಗಳು.

ಪೆಟ್ಟಿಗೆಯೊಳಗಿನ ಮೂರು ಅಂಗಗಳು

ಹೊರಗಿನಿಂದ ಒಂದೇ ವಸ್ತುವಿನಂತೆ ಕಾಣುವ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ಸಾಮಾನ್ಯವಾಗಿ ಮೂರು ಅಂಗಗಳಿರುತ್ತವೆ. ಮೊದಲನೆಯದು ಡೇಟಾವನ್ನು ನಿಜವಾಗಿ ಹಿಡಿದಿಟ್ಟುಕೊಳ್ಳುವ ಡಿಸ್ಕ್. ಇದರೊಳಗೆ ಕಾಂತೀಯ ಲೇಪನವಿರುವ ತಟ್ಟೆಗಳು ನಿಮಿಷಕ್ಕೆ 5,400 ಇಲ್ಲವೆ 7,200 ಸುತ್ತು ತಿರುಗುತ್ತವೆ ಮತ್ತು ಓದುವ-ಬರೆಯುವ ತಲೆಗಳು ಆ ತಟ್ಟೆಗಳನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತವೆ. ಎರಡನೆಯದು ಸೇತುವೆ ಬೋರ್ಡ್. ಡಿಸ್ಕ್‌ಗಳು ಕಂಪ್ಯೂಟರಿನೊಳಗೆ ಮಾತನಾಡುವ ಸಾಟಾ ಎಂಬ ಸಂಪರ್ಕ ಪದ್ಧತಿಯನ್ನು ಹೊರಗಿನ ಯುಎಸ್‌ಬಿ ಪದ್ಧತಿಗೆ ಬದಲಿಸಿಕೊಡುವ ಸಣ್ಣ ಚಿಪ್ ಇದರ ಮೇಲಿರುತ್ತದೆ. ಮೂರನೆಯದು ಇವೆರಡನ್ನೂ ಕಾಯುವ ಪ್ಲಾಸ್ಟಿಕ್ ಅಥವಾ ಲೋಹದ ಕವಚ. ಸಿದ್ಧ ಡಿಸ್ಕ್ ಮತ್ತು ಜೋಡಿಸಿದ ಡಿಸ್ಕ್‌ಗಳ ನಡುವಿನ ವ್ಯತ್ಯಾಸವೆಲ್ಲ ಈ ಮೂರು ಅಂಗಗಳು ಒಂದಕ್ಕೊಂದು ಹೇಗೆ ಕೂಡಿಕೊಂಡಿವೆ, ಬೇಕೆಂದಾಗ ಬೇರೆಯಾಗುತ್ತವೆಯೇ ಎಂಬುದರಲ್ಲಿದೆ.

ಗಾತ್ರದ ಲೆಕ್ಕದಲ್ಲಿ ಡಿಸ್ಕ್‌ಗಳು ಎರಡು ಬಗೆಯವು. ಲ್ಯಾಪ್‌ಟಾಪ್‌ಗಾಗಿ ರೂಪಿಸಿದ 2.5 ಅಂಗುಲದ ಡಿಸ್ಕಿಗೆ 5 ವೋಲ್ಟ್ ಸಾಕಾಗುವುದರಿಂದ ಅದು ಯುಎಸ್‌ಬಿ ಕೇಬಲ್‌ನಿಂದಲೇ ವಿದ್ಯುತ್ತನ್ನು ಪಡೆಯುತ್ತದೆ. ಮೇಜಿನ ಕಂಪ್ಯೂಟರಿಗಾಗಿ ರೂಪಿಸಿದ 3.5 ಅಂಗುಲದ ಡಿಸ್ಕಿಗೆ 12 ವೋಲ್ಟ್ ಕೂಡ ಬೇಕಾಗುವುದರಿಂದ ಅದರ ಜೊತೆ ಪ್ರತ್ಯೇಕ ಅಡಾಪ್ಟರ್ ಇರಲೇಬೇಕು. ಮೊದಲನೆಯದು ಕೈಚೀಲದಲ್ಲಿ ಓಡಾಡಬಲ್ಲದು, ಎರಡನೆಯದು ಒಂದೆಡೆ ಕುಳಿತು ಕೆಲಸ ಮಾಡುವಂಥದ್ದು. ಜಗತ್ತಿನ ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದಾಗ ಅದರಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಅವೆಲ್ಲ ಸೇರಿ ಹಿಡಿಯುತ್ತಿದ್ದದ್ದು ಸುಮಾರು 5 ಎಂಬಿ ಮಾತ್ರ. ಇಂದಿನ ಮೊಬೈಲ್‌ನ ಒಂದೇ ಫೋಟೊ ಅಷ್ಟು ಜಾಗ ಕೇಳುತ್ತದೆ. ನೂರಾರು ಕಂಪನಿಗಳು ಈ ಉದ್ಯಮಕ್ಕೆ ಬಂದು ಹೋದ ಮೇಲೆ ಈಗ ಹಾರ್ಡ್ ಡಿಸ್ಕ್ ತಯಾರಿಸುವವರಾಗಿ ಉಳಿದಿರುವುದು ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಶಿಬಾ ಎಂಬ ಮೂರೇ ಸಂಸ್ಥೆಗಳು; ಕವಚದ ಮೇಲೆ ಯಾವ ಹೆಸರಿದ್ದರೂ ತಿರುಗುವ ತಟ್ಟೆಯ ಡಿಸ್ಕ್ ಈ ಮೂರರಲ್ಲೊಂದರ ತಯಾರಿಕೆಯೇ ಆಗಿರುತ್ತದೆ.

ಸಿದ್ಧ ಡಿಸ್ಕಿನ ಗುಣ ಮತ್ತು ಮಿತಿ

ಸಿದ್ಧ ಡಿಸ್ಕಿನ ದೊಡ್ಡ ಗುಣವೆಂದರೆ ಅದು ತಾಂತ್ರಿಕ ತಿಳಿವಳಿಕೆಯನ್ನು ಬೇಡುವುದಿಲ್ಲ. ಪೊಟ್ಟಣ ತೆರೆದು ಕೇಬಲ್ ಚುಚ್ಚಿದರೆ ಕೆಲಸ ಆರಂಭವಾಗುತ್ತದೆ. ಕವಚ ತೆಳ್ಳಗೂ ಹಗುರವಾಗಿಯೂ ಇರುತ್ತದೆ. ಡಿಸ್ಕ್, ಬೋರ್ಡ್, ಕೇಬಲ್ ಮೂರಕ್ಕೂ ಒಂದೇ ಬಿಲ್, ಒಂದೇ ವಾರಂಟಿ, ಒಬ್ಬನೇ ಹೊಣೆಗಾರ ಇರುತ್ತಾನೆ. ಭಾರತದಲ್ಲಿ ಹೆಸರಾಂತ ಕಂಪನಿಗಳ ಇಂಥ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ 3 ವರ್ಷಗಳ ವಾರಂಟಿ ದೊರೆಯುತ್ತದೆ. ಲ್ಯಾಪ್‌ಟಾಪ್‌ಗಳು ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದೆ ಮೆಮೊರಿ ಚಿಪ್‌ಗಳಲ್ಲಿ ಡೇಟಾ ಇಡುವ ಸಾಧನಗಳ ಕಡೆಗೆ ಹೊರಳಿದ ಮೇಲೆ 2.5 ಅಂಗುಲದ ಹೊಸ ಬಿಡಿ ಹಾರ್ಡ್ ಡಿಸ್ಕ್‌ಗಳು ಮಾರುಕಟ್ಟೆಯಲ್ಲಿ ವಿರಳವಾಗಿದ್ದು, ಆ ಗಾತ್ರದ ಹೊಸ ಡಿಸ್ಕ್ ಬೇಕಾದವರಿಗೆ ಸಿದ್ಧ ಡಿಸ್ಕೇ ಸುಲಭವಾಗಿ ಸಿಗುತ್ತದೆ. ದೊಡ್ಡ ಪ್ರಮಾಣದ ತಯಾರಿಕೆಯಿಂದಾಗಿ ಅದರ ಬೆಲೆಯೂ ಅನೇಕ ವೇಳೆ ಅಷ್ಟೇ ಸಾಮರ್ಥ್ಯದ ಬಿಡಿ ಡಿಸ್ಕ್ ಮತ್ತು ಕೇಸಿಂಗ್‌ಗಳ ಒಟ್ಟು ಬೆಲೆಗಿಂತ ಕಡಿಮೆಯಿರುತ್ತದೆ. ಆದ್ದರಿಂದ ಬಿಡಿಯಾಗಿ ಜೋಡಿಸಿದರೆ ಹಣ ಉಳಿಯುತ್ತದೆ ಎಂಬ ಸಾಮಾನ್ಯ ನಂಬಿಕೆ ಹೊಸ ಡಿಸ್ಕಿನ ಮಟ್ಟಿಗೆ ಎಲ್ಲ ಕಾಲಕ್ಕೂ ನಿಜವಲ್ಲ.

ಮಿತಿಗಳು ಕಾಣಿಸಿಕೊಳ್ಳುವುದು ಡಿಸ್ಕ್ ಕೆಟ್ಟಾಗ. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಸವೆಯುವ ಭಾಗವೆಂದರೆ ಕೇಬಲ್ ಚುಚ್ಚುವ ಕಿಂಡಿ. ನೂರಾರು ಸಲ ತೆಗೆದು ಹಾಕಿದ ಮೇಲೆ, ಅಥವಾ ಕೇಬಲ್ ಎಳೆದು ಡಿಸ್ಕ್ ಜಗ್ಗಿದಾಗ, ಅದು ಸಡಿಲವಾಗುತ್ತದೆ ಇಲ್ಲವೆ ಕಿತ್ತುಬರುತ್ತದೆ. ಹಳೆಯ ರೀತಿಯ ಸಿದ್ಧ ಡಿಸ್ಕಿನಲ್ಲಿ ಕವಚ ಬಿಚ್ಚಿ ಒಳಗಿನ ಸಾಟಾ ಡಿಸ್ಕನ್ನು ಹೊರತೆಗೆದು ಬೇರೆ ಕೇಸಿಂಗ್‌ಗೆ ಹಾಕಿದರೆ ಡೇಟಾ ಸಿಗುತ್ತಿತ್ತು. ಆದರೆ ವೆಸ್ಟರ್ನ್ ಡಿಜಿಟಲ್‌ನ ಎಲಿಮೆಂಟ್ಸ್, ಮೈ ಪಾಸ್‌ಪೋರ್ಟ್ ಮುಂತಾದ 2.5 ಅಂಗುಲದ ಸಾಲುಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಸ್ವಂತ ಬೋರ್ಡಿನ ಮೇಲೆಯೇ ಬೆಸುಗೆ ಹಾಕಿರುತ್ತಾರೆ. ಅಲ್ಲಿ ಪ್ರತ್ಯೇಕ ಸೇತುವೆ ಬೋರ್ಡೂ ಇಲ್ಲ, ಸಾಟಾ ಕಿಂಡಿಯೂ ಇಲ್ಲ. ಸೀಗೇಟ್‌ನ ಇಂಥ ಹಲವು ಮಾದರಿಗಳಲ್ಲಿ ಇನ್ನೂ ಬೇರ್ಪಡಿಸಬಹುದಾದ ಬೋರ್ಡನ್ನು ಕಾಣಬಹುದು. ಕಿಂಡಿ ಮುರಿದರೆ ಮೊದಲ ಬಗೆಯದಕ್ಕೆ ನುರಿತ ಬೆಸುಗೆ ಕೆಲಸಗಾರರೋ ಡೇಟಾ ಮರಳಿ ಪಡೆಯುವ ಪ್ರಯೋಗಾಲಯವೋ ಬೇಕು. ಎರಡನೆಯದಕ್ಕೆ ಕೆಲವು ನೂರು ರೂಪಾಯಿಯ ಕೇಸಿಂಗ್ ಸಾಕು.

ಇದರ ಜೊತೆಗೆ ಗೂಢಲಿಪೀಕರಣದ ಸಂಗತಿಯೊಂದಿದೆ. ಬೇರೆಯವರಿಗೆ ಅರ್ಥವಾಗದ ರೂಪಕ್ಕೆ ಡೇಟಾವನ್ನು ಬದಲಿಸಿ ಬರೆಯುವ ಈ ವಿಧಾನವನ್ನು ಮೈ ಪಾಸ್‌ಪೋರ್ಟ್‌ನಂಥ ಕೆಲವು ಸಾಲುಗಳಲ್ಲಿ ಬೋರ್ಡಿನ ಚಿಪ್ಪೇ ಮಾಡುತ್ತದೆ, ಮತ್ತು ಬಳಕೆದಾರರು ಪಾಸ್‌ವರ್ಡ್ ಇಡದಿದ್ದರೂ ಅದು ನಡೆದಿರುತ್ತದೆ. ಹೀಗಾಗಿ ಬೋರ್ಡ್ ಸುಟ್ಟರೆ ತಟ್ಟೆಗಳು ಸರಿಯಿದ್ದರೂ ಅದರೊಳಗಿನದು ಓದಲಾಗದ ಅಕ್ಷರರಾಶಿಯಾಗಿ ಉಳಿಯುತ್ತದೆ. ವಾರಂಟಿಯ ಅರ್ಥವನ್ನೂ ಇಲ್ಲಿ ಸರಿಯಾಗಿ ತಿಳಿಯಬೇಕು: ಕಂಪನಿ ಬದಲಿಸಿಕೊಡುವುದು ಡಿಸ್ಕನ್ನೇ ಹೊರತು ಅದರಲ್ಲಿದ್ದ ಮದುವೆಯ ವಿಡಿಯೊವನ್ನಲ್ಲ. ಕೆಲವು ಮಾದರಿಗಳಿಗೆ ಡೇಟಾ ಮರಳಿ ಪಡೆಯುವ ಸೇವೆಯನ್ನು ಸೇರಿಸಿ ಮಾರುವುದುಂಟು. ಅದು ಇದೆಯೇ ಎಂಬುದನ್ನು ಪೊಟ್ಟಣದ ಮೇಲೆ ಓದಿಯೇ ತಿಳಿಯಬೇಕು. ಕವಚ ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂಬ ಕರಾರೂ ಇರುವುದರಿಂದ, ಡೇಟಾ ಉಳಿಸಿಕೊಳ್ಳುವ ಪ್ರಯತ್ನ ಮತ್ತು ಡಿಸ್ಕ್ ಬದಲಿಸಿಕೊಳ್ಳುವ ಹಕ್ಕು ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದ ಇಕ್ಕಟ್ಟು ಅನೇಕರಿಗೆ ಎದುರಾಗುತ್ತದೆ.

ಮೂರನೆಯ ಮಿತಿ ಬರೆಯುವ ವಿಧಾನಕ್ಕೆ ಸೇರಿದ್ದು. ಕಡಿಮೆ ಜಾಗದಲ್ಲಿ ಹೆಚ್ಚು ಡೇಟಾ ತುಂಬಲು, 1 ಟಿಬಿ ಮತ್ತು ಅದಕ್ಕಿಂತ ದೊಡ್ಡ 2.5 ಅಂಗುಲದ ಡಿಸ್ಕ್‌ಗಳಲ್ಲಿ ಬಹುಪಾಲು ಎಸ್‌ಎಂಆರ್ ಎಂಬ ಪದ್ಧತಿಯನ್ನು ಬಳಸುತ್ತವೆ. ಇದರಲ್ಲಿ ಡೇಟಾದ ಸಾಲುಗಳು ಮನೆಯ ಮಾಡಿನ ಹೆಂಚುಗಳಂತೆ ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆಯಲ್ಪಡುತ್ತವೆ. ಒಮ್ಮೆ ಬರೆದು ಓದುತ್ತಿದ್ದರೆ ಇದರಿಂದ ತೊಂದರೆಯಿಲ್ಲ. ಆದರೆ ನಡುವಿನ ಒಂದು ಸಾಲನ್ನು ಬದಲಿಸಬೇಕಾದರೆ ಅದರ ಮೇಲೆ ಬಂದಿರುವ ಸಾಲುಗಳನ್ನೂ ಮತ್ತೆ ಬರೆಯಬೇಕಾಗುವುದರಿಂದ, ತುಂಬಿದ ಡಿಸ್ಕಿನಲ್ಲಿ ಅಳಿಸಿ ಮತ್ತೆ ದೊಡ್ಡ ಫೈಲುಗಳನ್ನು ಹಾಕುವಾಗ ವೇಗ ಬಹಳ ಇಳಿದುಹೋಗುತ್ತದೆ. ದಾಖಲೆ ಇಡುವುದಕ್ಕೆ ಈ ಡಿಸ್ಕ್ ಸಾಕು. ನೇರವಾಗಿ ಅದರ ಮೇಲೆಯೇ ವಿಡಿಯೊ ಎಡಿಟಿಂಗ್ ಮಾಡುವ ಸ್ಟುಡಿಯೊಗಳಿಗೆ ಸಾಲದು. ಸಿದ್ಧ ಡಿಸ್ಕಿನ ಪೊಟ್ಟಣದ ಮೇಲೆ ಈ ವಿವರ ಸಾಮಾನ್ಯವಾಗಿ ಇರುವುದಿಲ್ಲ, ಬಿಡಿ ಡಿಸ್ಕ್‌ಗಳ ಮಾದರಿ ಸಂಖ್ಯೆಯಿಂದ ಮಾತ್ರ ಇದನ್ನು ಕಂಪನಿಯ ವಿವರಪಟ್ಟಿಯಲ್ಲಿ ಹುಡುಕಿ ತಿಳಿಯಬಹುದು.

ಕೇಸಿಂಗ್ ಕೊಳ್ಳುವಾಗ ಗಮನಿಸಬೇಕಾದದ್ದು

ಬಿಡಿಯಾಗಿ ಜೋಡಿಸುವ ಕೆಲಸದಲ್ಲಿ ಸ್ಕ್ರೂಡ್ರೈವರ್‌ಗಿಂತ ಹೆಚ್ಚಿನ ಉಪಕರಣ ಬೇಕಿಲ್ಲ. ಆದರೆ ಕೇಸಿಂಗ್ ಆರಿಸುವಾಗ ಐದು ಸಂಗತಿಗಳನ್ನು ನೋಡಲೇಬೇಕು. ಮೊದಲನೆಯದು ಅಳತೆ: 2.5 ಅಂಗುಲದ ಡಿಸ್ಕ್‌ಗಳಲ್ಲಿ ದಪ್ಪ 7 ಮಿ.ಮೀ., 9.5 ಮಿ.ಮೀ., 15 ಮಿ.ಮೀ. ಹೀಗೆ ಬದಲಾಗುತ್ತದೆ, ಮತ್ತು ಸಾಧಾರಣ ಕೇಸಿಂಗ್‌ಗಳು 9.5 ಮಿ.ಮೀ.ವರೆಗಿನ ಡಿಸ್ಕನ್ನು ಮಾತ್ರ ಹಿಡಿಸುತ್ತವೆ. ಎರಡನೆಯದು ಸಾಮರ್ಥ್ಯದ ಮಿತಿ: ಹಳೆಯ ಚಿಪ್‌ಗಳಿರುವ ಅಗ್ಗದ ಕೇಸಿಂಗ್‌ಗಳು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿಯಾಗಿ ಗುರುತಿಸುವುದಿಲ್ಲ. ಮೂರನೆಯದು ಯುಎಎಸ್‌ಪಿ ಎಂಬ ಸೌಲಭ್ಯ: ಒಂದು ಆದೇಶ ಮುಗಿದ ಮೇಲೆ ಮತ್ತೊಂದನ್ನು ಕಳಿಸುವ ಹಳೆಯ ಕ್ರಮದ ಬದಲು ಹಲವು ಆದೇಶಗಳನ್ನು ಒಟ್ಟಿಗೆ ಡಿಸ್ಕಿಗೆ ತಲುಪಿಸುವ ಈ ಪದ್ಧತಿ, ವಿಶೇಷವಾಗಿ ಎಸ್‌ಎಸ್‌ಡಿ ಹಾಕುವವರಿಗೆ ಅಗತ್ಯ. ನಾಲ್ಕನೆಯದು ಶಾಖ: 3.5 ಅಂಗುಲದ ಡಿಸ್ಕಿಗೆ ಗಾಳಿಯಾಡುವ, ಲೋಹದ ಮೈಯ ಕೇಸಿಂಗ್ ಇರುವುದು ಒಳ್ಳೆಯದು. ಐದನೆಯದು ಅಡಾಪ್ಟರ್ ಮತ್ತು ಕೇಬಲ್‌ಗಳ ಗುಣಮಟ್ಟ. ಜೋಡಿಸಿದ ಡಿಸ್ಕ್ ಆಗಾಗ ತಾನೇ ಸಂಪರ್ಕ ಕಡಿದುಕೊಳ್ಳುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಡಿಸ್ಕನ್ನಲ್ಲ, ಇವೆರಡನ್ನು.

ಎಸ್‌ಎಸ್‌ಡಿಗಳಲ್ಲಿ ಇನ್ನೊಂದು ಗೊಂದಲವಿದೆ. ಎಂ.2 ಎಂಬ ಉದ್ದನೆಯ ಪಟ್ಟಿಯಂಥ ರೂಪದಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬೇರೆ ಪದ್ಧತಿಯ ಎಸ್‌ಎಸ್‌ಡಿಗಳು ಬರುತ್ತವೆ. ನೋಡಲು ಹೆಚ್ಚು ಕಡಿಮೆ ಒಂದೇ ಆಗಿದ್ದರೂ ಒಂದಕ್ಕಾಗಿ ಮಾಡಿದ ಕೇಸಿಂಗ್ ಮತ್ತೊಂದನ್ನು ಓದುವುದಿಲ್ಲ. ಎರಡನ್ನೂ ಓದುವ ಚಿಪ್ ಇರುವ ಕೇಸಿಂಗ್‌ಗಳೂ ಸಿಗುತ್ತವೆ, ಬೆಲೆ ಸ್ವಲ್ಪ ಹೆಚ್ಚು. ಹೊಸ ಡಿಸ್ಕನ್ನು ಜೋಡಿಸಿದ ಕೂಡಲೇ ಕಂಪ್ಯೂಟರಿನಲ್ಲಿ ಅದು ಕಾಣಿಸದಿದ್ದರೆ ಕೆಟ್ಟಿದೆಯೆಂದು ತಿಳಿಯಬೇಕಿಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ, 2 ಟಿಬಿ ಮೀರಿದ ಡಿಸ್ಕಾದರೆ ಜಿಪಿಟಿ ವಿಭಜನಾ ಕ್ರಮವನ್ನು ಆರಿಸಿ, ವಿಂಡೋಸ್‌ನಲ್ಲಿ ಮಾತ್ರ ಬಳಸುವುದಾದರೆ ಎನ್‌ಟಿಎಫ್‌ಎಸ್, ಬೇರೆ ಬೇರೆ ಯಂತ್ರಗಳಿಗೆ ಒಯ್ಯುವುದಾದರೆ ಎಕ್ಸ್‌ಫ್ಯಾಟ್ ಎಂದು ಫಾರ್ಮ್ಯಾಟ್ ಮಾಡಬೇಕು. ಹಳೆಯ ಫ್ಯಾಟ್32 ಕ್ರಮದಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲವಾದ್ದರಿಂದ ವಿಡಿಯೊ ಕೆಲಸಕ್ಕೆ ಅದು ಒಗ್ಗದು. 1 ಟಿಬಿ ಡಿಸ್ಕ್ 931 ಜಿಬಿ ಎಂದು ತೋರಿಸುವುದೂ ದೋಷವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸಿದ್ದನ್ನು ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸ ಅದು.

ಬಿಡಿಯಾಗಿ ಜೋಡಿಸುವುದು ನಿಸ್ಸಂದೇಹವಾಗಿ ಲಾಭಕರವಾಗುವುದು ಮನೆಯಲ್ಲಿ ಡಿಸ್ಕ್ ಆಗಲೇ ಇದ್ದಾಗ. ಹಳೆಯ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿದವರ ಬಳಿ ಹೊರತೆಗೆದ ಹಾರ್ಡ್ ಡಿಸ್ಕ್ ಉಳಿದಿರುತ್ತದೆ. ಕೆಟ್ಟುಹೋದ ಕಂಪ್ಯೂಟರಿನ ಡಿಸ್ಕ್ ಚೆನ್ನಾಗಿಯೇ ಇರಬಹುದು. ಇಂಥವುಗಳಿಗೆ ಕೆಲವು ನೂರು ರೂಪಾಯಿಗಳ ಕೇಸಿಂಗ್ ತಂದರೆ ಡಿಸ್ಕ್ ಮತ್ತೆ ಬಳಕೆಗೆ ಬರುತ್ತದೆ, ಅದರಲ್ಲಿದ್ದ ಹಳೆಯ ಫೋಟೊಗಳೂ ಕೈಗೆ ಸಿಗುತ್ತವೆ. ತಾಲ್ಲೂಕು ಕೇಂದ್ರಗಳಲ್ಲಿ ಕಂಪ್ಯೂಟರ್ ಅಂಗಡಿಗಿಂತ ಸಿಸಿಟಿವಿ ಅಳವಡಿಸುವವರ ಬಳಿ 3.5 ಅಂಗುಲದ ಹೊಸ ಡಿಸ್ಕ್ ಸುಲಭವಾಗಿ ಸಿಗುತ್ತದೆ ಎಂಬುದನ್ನೂ ಗಮನಿಸಬಹುದು. ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್ ಮುಂತಾದ ಈ ಡಿಸ್ಕ್‌ಗಳು ಹಗಲಿರುಳು ಬರೆಯುತ್ತಲೇ ಇರುವ ಕೆಲಸಕ್ಕೆ ಹದಗೊಳಿಸಿದವು, ಮತ್ತು ಕೇಸಿಂಗ್‌ನಲ್ಲಿ ಕೂರಿಸಿದರೆ ದಾಖಲೆ ಸಂಗ್ರಹಕ್ಕೂ ಒದಗುತ್ತವೆ.

ವೇಗದ ಲೆಕ್ಕ

ಮದುವೆಯೊಂದರ 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸಿದರೆ ಒಂದು ಗಂಟೆಗೆ 45 ಜಿಬಿ ಬೇಕು. ಎರಡು ಕ್ಯಾಮೆರಾಗಳು ತಲಾ 8 ಗಂಟೆ ಓಡಿದರೆ 720 ಜಿಬಿ ಆಗುತ್ತದೆ. ಅಂದರೆ ಅರಿಶಿನದಿಂದ ಆರತಕ್ಷತೆಯವರೆಗಿನ ಒಂದು ಮದುವೆಗೇ 1 ಟಿಬಿ ಡಿಸ್ಕಿನ ಮುಕ್ಕಾಲು ಪಾಲು ಹೋಗಬಹುದು. 500 ಜಿಬಿಯಷ್ಟು ಡೇಟಾವನ್ನು ನಕಲು ಮಾಡಲು, 2000ನೇ ಇಸವಿಯ ಯುಎಸ್‌ಬಿ 2.0 ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 35 ಎಂಬಿ ಸಾಗುವುದರಿಂದ, ಹತ್ತಿರ ಹತ್ತಿರ 4 ಗಂಟೆ ಬೇಕು. 2008ರಲ್ಲಿ ಬಂದ ಯುಎಸ್‌ಬಿ 3.0 ಮೂಲಕ ಹಾರ್ಡ್ ಡಿಸ್ಕಿಗೆ ಸೆಕೆಂಡಿಗೆ 120 ಎಂಬಿಯಂತೆ ಸಾಗಿದರೆ 1 ಗಂಟೆ 10 ನಿಮಿಷ ಸಾಕು. ಸಾಟಾ ಎಸ್‌ಎಸ್‌ಡಿಗೆ ಸೆಕೆಂಡಿಗೆ 500 ಎಂಬಿಯಂತಾದರೆ 17 ನಿಮಿಷದಲ್ಲಿ ಮುಗಿಯುತ್ತದೆ. ಹಾರ್ಡ್ ಡಿಸ್ಕಿನ ವೇಗಕ್ಕೆ ತಟ್ಟೆಯೇ ಮಿತಿಯಾದ್ದರಿಂದ, ಯುಎಸ್‌ಬಿ 3.0 ಇರುವ ಕೇಸಿಂಗ್‌ಗಿಂತ ದುಬಾರಿಯಾದದ್ದನ್ನು ಅದಕ್ಕಾಗಿ ಕೊಳ್ಳುವುದು ವ್ಯರ್ಥ ಖರ್ಚು. ವೇಗ ಬೇಕಾದದ್ದು ಎಡಿಟಿಂಗ್ ನಡೆಯುವ ಮೇಜಿನ ಮೇಲೆ. ಅಲ್ಲಿ ಎಸ್‌ಎಸ್‌ಡಿ ಇಟ್ಟು, ಕೆಲಸ ಮುಗಿದ ಮೇಲೆ ಡೇಟಾವನ್ನು ಹಾರ್ಡ್ ಡಿಸ್ಕಿಗೆ ಸಾಗಿಸುವುದು ಸರಿಯಾದ ಕ್ರಮ.

ಹಾಗಾದರೆ ಎಲ್ಲವನ್ನೂ ಎಸ್‌ಎಸ್‌ಡಿಯಲ್ಲಿಯೇ ಏಕೆ ಇಡಬಾರದು ಎಂಬ ಪ್ರಶ್ನೆಗೆ ಉತ್ತರ ಬೆಲೆಯಲ್ಲಿ ಮಾತ್ರ ಇಲ್ಲ. ಎಸ್‌ಎಸ್‌ಡಿಯ ಮೆಮೊರಿ ಚಿಪ್‌ಗಳು ಡೇಟಾವನ್ನು ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡುತ್ತವೆ. ವಿದ್ಯುತ್ ಸಂಪರ್ಕವಿಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿಟ್ಟರೆ, ಅದರಲ್ಲೂ ಹೆಚ್ಚು ಸವೆದ ಚಿಪ್ ಆಗಿದ್ದು ಸೆಖೆಯ ಜಾಗದಲ್ಲಿದ್ದರೆ, ಆ ಆವೇಶ ನಿಧಾನವಾಗಿ ಸೋರುತ್ತದೆ. ಜೆಡೆಕ್ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಯಿಂದ ನಿರೀಕ್ಷಿಸುವುದು, ಅದರ ಬರವಣಿಗೆಯ ಆಯುಷ್ಯ ಮುಗಿದ ಹಂತದಲ್ಲಿ, 30 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಸಂಪರ್ಕವಿಲ್ಲದೆ ಒಂದು ವರ್ಷ ಡೇಟಾ ಉಳಿಯಬೇಕೆಂಬುದನ್ನು. ಹೊಸ ಎಸ್‌ಎಸ್‌ಡಿಯಲ್ಲಿ ಡೇಟಾ ಅದಕ್ಕಿಂತ ಬಹಳ ಹೆಚ್ಚು ಕಾಲ ಉಳಿಯುತ್ತದಾದರೂ, ಬರೆದಿಟ್ಟು ಮರೆತುಬಿಡುವ ಸಂಗ್ರಹಕ್ಕೆ ಕಾಂತೀಯ ತಟ್ಟೆಯೇ ಹೆಚ್ಚು ಭರವಸೆಯದು. ಅದನ್ನೂ ವರ್ಷಕ್ಕೆ ಒಂದೆರಡು ಸಲವಾದರೂ ಚಾಲೂ ಮಾಡಿ ಫೈಲುಗಳನ್ನು ತೆರೆದು ನೋಡಬೇಕು.

ವಿದ್ಯುತ್ತು, ದೂಳು, ದಾರಿ ಮತ್ತು ನೀರು

ಈ ನಾಲ್ಕು ತಾಲ್ಲೂಕುಗಳ ಪರಿಸರ ಡಿಸ್ಕಿನ ಆಯ್ಕೆಯ ಮೇಲೆ ನೇರವಾದ ಪ್ರಭಾವ ಬೀರುತ್ತದೆ. ಕಿತ್ತೂರು ಮಲೆನಾಡಿನ ಸೆರಗಿಗೆ ಸೇರಿದ್ದು, ಮಳೆಗಾಲದ ತೇವ ಅಲ್ಲಿ ಹೆಚ್ಚು. ಬೈಲಹೊಂಗಲದಿಂದ ಸವದತ್ತಿ, ರಾಮದುರ್ಗಗಳ ಕಡೆಗೆ ಸಾಗಿದಂತೆ ಎರೆ ಭೂಮಿಯ ಬಯಲು, ಬಿಸಿಲು ಮತ್ತು ದೂಳು ಹೆಚ್ಚುತ್ತವೆ. ಸಾಮಾನ್ಯ ಹಾರ್ಡ್ ಡಿಸ್ಕ್ ಪೂರ್ತಿ ಮುಚ್ಚಿದ ಡಬ್ಬಿಯಲ್ಲ. ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸರಿದೂಗಲು ಅದಕ್ಕೆ ಶೋಧಕವಿರುವ ಒಂದು ಸಣ್ಣ ರಂಧ್ರವಿದ್ದು, ಅದನ್ನು ಮುಚ್ಚಬಾರದೆಂದು ಡಿಸ್ಕಿನ ಮೇಲೆಯೇ ಸೂಚಿಸಿರುತ್ತಾರೆ. ಆದ್ದರಿಂದ ಗಾಳಿಕಿಂಡಿಗಳಿರುವ ಕೇಸಿಂಗ್ ಶಾಖಕ್ಕೆ ಒಳ್ಳೆಯದಾದರೂ ದೂಳನ್ನು ಆಗಾಗ ಒರೆಸುತ್ತಿರಬೇಕು, ಬಳಕೆಯಿಲ್ಲದಾಗ ಡಿಸ್ಕನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಬೇಸಿಗೆಯಲ್ಲಿ ತಗಡಿನ ಮಾಡಿನ ಕೋಣೆಯಲ್ಲಾಗಲಿ, ಕಿಟಕಿಯ ಬಿಸಿಲಿನಲ್ಲಾಗಲಿ ಇಡಬಾರದು.

ವಿದ್ಯುತ್ ಪೂರೈಕೆ ತಟ್ಟನೆ ನಿಲ್ಲುವ ಊರುಗಳಲ್ಲಿ 3.5 ಅಂಗುಲದ ಡಿಸ್ಕನ್ನು ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕುವುದು ಅಪಾಯ. ನಕಲು ನಡೆಯುತ್ತಿರುವಾಗ ಕರೆಂಟ್ ಹೋದರೆ ಆ ಫೈಲ್ ಮಾತ್ರವಲ್ಲ, ಫೈಲುಗಳ ಪಟ್ಟಿಯೇ ಹಾಳಾಗಬಹುದು. ಇಂಥ ಡಿಸ್ಕಿಗೆ ಯುಪಿಎಸ್ ಇರಲೇಬೇಕು, ಅದರ ವೆಚ್ಚವನ್ನೂ ಜೋಡಿಸುವ ಲೆಕ್ಕದಲ್ಲಿ ಸೇರಿಸಬೇಕು. ಲ್ಯಾಪ್‌ಟಾಪ್‌ಗೆ ಜೋಡಿಸಿದ 2.5 ಅಂಗುಲದ ಡಿಸ್ಕಿಗೆ ಲ್ಯಾಪ್‌ಟಾಪ್‌ನ ಬ್ಯಾಟರಿಯೇ ರಕ್ಷಣೆ ಒದಗಿಸುತ್ತದೆ. ಇನ್ನು ಓಡಾಟದ ಮಾತು: ಕಿತ್ತೂರು ಪುಣೆ-ಬೆಂಗಳೂರು ಹೆದ್ದಾರಿಯಲ್ಲಿದ್ದು ಬೆಳಗಾವಿ ಮತ್ತು ಧಾರವಾಡ ಎರಡಕ್ಕೂ ಹತ್ತಿರ, ರಾಮದುರ್ಗ ಜಿಲ್ಲಾ ಕೇಂದ್ರದಿಂದ ಸುಮಾರು 100 ಕಿ.ಮೀ. ದೂರ. ದುರಸ್ತಿಗೂ ವಾರಂಟಿಗೂ ದೊಡ್ಡ ಊರಿಗೆ ಹೋಗಿಬರಬೇಕಾದವರಿಗೆ, ಊರಲ್ಲಿಯೇ ಬಿಚ್ಚಿ ಬೋರ್ಡ್ ಬದಲಿಸಬಹುದಾದ ಡಿಸ್ಕಿನ ಬೆಲೆ ಹೆಚ್ಚು ಅರ್ಥವಾಗುತ್ತದೆ. ಆದರೆ ಬೈಕ್ ಮತ್ತು ಬಸ್ಸಿನಲ್ಲಿ ನಿತ್ಯ ಒಯ್ಯುವ ಡಿಸ್ಕಾದರೆ ಹಗುರವಾದ, ಬಿಗಿಯಾಗಿ ಕೂಡಿಸಿದ ಸಿದ್ಧ ಡಿಸ್ಕ್ ಇಲ್ಲವೆ ಎಸ್‌ಎಸ್‌ಡಿಯೇ ಮೇಲು. ತಟ್ಟೆ ತಿರುಗುತ್ತಿರುವಾಗ ಡಿಸ್ಕನ್ನು ಅಲುಗಿಸುವುದಂತೂ ಯಾವ ಬಗೆಯದಕ್ಕೂ ಸಲ್ಲದು.

ನೀರಿನ ಅಪಾಯ ಈ ಸೀಮೆಗೆ ಹೊಸದಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ, ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯದಿಂದ ಹೊರಬಿಟ್ಟ ನೀರು ರಾಮದುರ್ಗ ತಾಲ್ಲೂಕಿನ ನದಿತೀರದ ಊರುಗಳಿಗೆ ನುಗ್ಗಿದಾಗ, ಮನೆಗಳ ಜೊತೆಗೆ ಕಾಗದಪತ್ರ, ಫೋಟೊ, ಮಗ್ಗ ಎಲ್ಲವೂ ಜಲಾವೃತವಾದವು. ಅಂಥ ದಿನ ಮನೆಯಲ್ಲಿರುವ ಡಿಸ್ಕ್ ಸಿದ್ಧವೋ ಜೋಡಿಸಿದ್ದೋ ಎಂಬ ಭೇದಕ್ಕೆ ಬೆಲೆಯಿಲ್ಲ. ಬೇರೊಂದು ಊರಿನಲ್ಲಿ ಇನ್ನೊಂದು ಪ್ರತಿ ಇದೆಯೇ ಎಂಬುದೊಂದೇ ಮುಖ್ಯ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ನಿಯಮ ಹೇಳುವುದೂ ಇದನ್ನೇ: ಡೇಟಾದ 3 ಪ್ರತಿ ಇರಲಿ, ಅವು 2 ಬೇರೆ ಬಗೆಯ ಸಾಧನಗಳಲ್ಲಿರಲಿ, 1 ಪ್ರತಿ ಬೇರೆ ಸ್ಥಳದಲ್ಲಿರಲಿ. ಇಂಟರ್‌ನೆಟ್ ಮೂಲಕ ದೂರದ ಸರ್ವರ್‌ನಲ್ಲಿ ಇಡುವುದು ಒಂದು ದಾರಿಯಾದರೂ, ಸೆಕೆಂಡಿಗೆ 20 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಮೇಲೆ ಹೇಳಿದ 720 ಜಿಬಿ ಮೇಲೇರಲು ತಡೆಯಿಲ್ಲದೆ 80 ಗಂಟೆ ಬೇಕಾಗುವುದರಿಂದ, ಮುಖ್ಯ ಫೋಟೊ ಮತ್ತು ದಾಖಲೆಪತ್ರಗಳನ್ನು ಮಾತ್ರ ಅಲ್ಲಿಟ್ಟು, ವಿಡಿಯೊದ ಎರಡನೆಯ ಪ್ರತಿಯನ್ನು ಮತ್ತೊಂದು ಡಿಸ್ಕಿನಲ್ಲಿ ಬಂಧುಗಳ ಮನೆಯಲ್ಲಿಡುವುದು ಪ್ರಾಯೋಗಿಕ.

ಮೋಸದ ಡಿಸ್ಕ್ ಮತ್ತು ಮೊದಲ ಪರೀಕ್ಷೆ

ಆನ್‌ಲೈನ್ ಮಾರುಕಟ್ಟೆಗಳಲ್ಲಿ 16 ಟಿಬಿಯ ಪುಟ್ಟ ಎಸ್‌ಎಸ್‌ಡಿ ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆಂಬ ಜಾಹೀರಾತುಗಳು ಕಾಣಿಸುತ್ತವೆ. ಇಂಥವುಗಳ ಕವಚದೊಳಗೆ ಸಾಮಾನ್ಯವಾಗಿ ಇರುವುದು ಸಣ್ಣ ಮೆಮೊರಿ ಕಾರ್ಡ್. ಅದರ ಚಿಪ್‌ಗೆ ಸುಳ್ಳು ಸಾಮರ್ಥ್ಯವನ್ನು ಹೇಳಿಕೊಟ್ಟಿರುವುದರಿಂದ ಕಂಪ್ಯೂಟರ್ 16 ಟಿಬಿ ಎಂದೇ ತೋರಿಸುತ್ತದೆ, ಆದರೆ ನಿಜವಾದ ಮಿತಿ ಮೀರಿ ಬರೆದದ್ದೆಲ್ಲ ಸದ್ದಿಲ್ಲದೆ ನಾಶವಾಗುತ್ತದೆ. ಬಿಡಿ ಡಿಸ್ಕ್‌ಗಳಲ್ಲಿ ಮೋಸ ಬೇರೆ ರೀತಿಯದು: 2025ರ ಆರಂಭದಲ್ಲಿ ಜರ್ಮನಿಯಲ್ಲಿ ಸಾವಿರಾರು ಗಂಟೆ ಬಳಸಿದ್ದ ಡಿಸ್ಕ್‌ಗಳನ್ನು, ಬಳಕೆಯ ಲೆಕ್ಕ ಅಳಿಸಿ, ವ್ಯಾಪಾರಿಗಳು ಹೊಸವೆಂದು ಮಾರಿದ ಪ್ರಕರಣ ಬಯಲಾಯಿತು. ಆದ್ದರಿಂದ ಯಾವ ಬಗೆಯ ಡಿಸ್ಕ್ ಕೊಂಡರೂ ಬಿಲ್ ಪಡೆಯುವುದು, ಕ್ರಮಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ದಿನಾಂಕ ನೋಡುವುದು ಮೊದಲ ಕೆಲಸ. ಬಳಿಕ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯನ್ನು ಓದಬೇಕು. ಕೆಟ್ಟ ತಾಣಗಳನ್ನು ಬದಲಿಸಿಕೊಂಡ ಎಣಿಕೆ ಮತ್ತು ಓದಲಾಗದೆ ಬಾಕಿ ಉಳಿದ ತಾಣಗಳ ಎಣಿಕೆ ಸೊನ್ನೆಯಾಗಿರಬೇಕು. ಕೊನೆಗೆ ಎಚ್‌2ಟೆಸ್ಟ್‌ಡಬ್ಲ್ಯು ತಂತ್ರಾಂಶದಿಂದ ಪೂರ್ತಿ ಡಿಸ್ಕನ್ನು ತುಂಬಿಸಿ ಮತ್ತೆ ಓದಿಸಿದರೆ ಸುಳ್ಳು ಸಾಮರ್ಥ್ಯವೂ ಹುಟ್ಟುದೋಷವೂ ಬೆಳಕಿಗೆ ಬರುತ್ತವೆ. ಹೊಸ ಡಿಸ್ಕಿಗೆ ಡೇಟಾ ಹಾಕುವ ಮುನ್ನ ಇದಕ್ಕೊಂದು ರಾತ್ರಿ ಕೊಡುವುದು ವ್ಯರ್ಥವಲ್ಲ.

ಯಾರಿಗೆ ಯಾವುದು

ಮನೆಯ ಫೋಟೊ, ಮಕ್ಕಳ ಅಂಕಪಟ್ಟಿ, ಆಸ್ತಿಯ ಕಾಗದಗಳ ಸ್ಕ್ಯಾನ್ ಪ್ರತಿ ಇಷ್ಟನ್ನು ಇಟ್ಟುಕೊಳ್ಳುವ ಕುಟುಂಬಕ್ಕೆ 1 ಅಥವಾ 2 ಟಿಬಿಯ ಸಿದ್ಧ ಡಿಸ್ಕ್ ಸಾಕು. ಅವರಿಗೆ ಬಿಡಿಯಾಗಿ ಜೋಡಿಸುವುದರಿಂದ ಬರುವ ಲಾಭ ಅಲ್ಪ. ಊರೂರು ತಿರುಗಿ ಹಾಡು, ಆಟಗಳನ್ನು ದಾಖಲಿಸುವ ಸಂಶೋಧಕರು ಮತ್ತು ಶಿಕ್ಷಕರು ಸ್ಥಳದಲ್ಲಿ ಎಸ್‌ಎಸ್‌ಡಿಯನ್ನು, ಮನೆಯಲ್ಲಿ ಹಾರ್ಡ್ ಡಿಸ್ಕನ್ನು ಬಳಸುವುದು ಒಳ್ಳೆಯದು. ವರ್ಷಕ್ಕೆ ಹತ್ತಾರು ಮದುವೆ ಮಾಡುವ ಸ್ಟುಡಿಯೊಗಳು, ದಿನಂಪ್ರತಿ ಡೇಟಾ ಸೇರುವ ಶಾಲೆ ಮತ್ತು ಸಂಘಸಂಸ್ಥೆಗಳು 3.5 ಅಂಗುಲದ ಬಿಡಿ ಡಿಸ್ಕನ್ನು ಒಳ್ಳೆಯ ಕೇಸಿಂಗ್‌ನಲ್ಲಿ ಕೂರಿಸಿ, ಯುಪಿಎಸ್ ಜೊತೆಗೆ ಒಂದೆಡೆ ಇಡುವುದು ಹೆಚ್ಚು ಸೂಕ್ತ. ಡಿಸ್ಕ್ ತುಂಬಿದಾಗ ಹೊಸ ಡಿಸ್ಕನ್ನಷ್ಟೇ ಕೊಂಡರೆ ಸಾಕು, ಬೋರ್ಡ್ ಕೆಟ್ಟರೆ ಕೇಸಿಂಗನ್ನಷ್ಟೇ ಬದಲಿಸಿದರೆ ಸಾಕು. ಹಳೆಯ ಡಿಸ್ಕ್ ಕೈಯಲ್ಲಿರುವವರು ಅದನ್ನು ಪರೀಕ್ಷಿಸಿ ಕೇಸಿಂಗ್‌ಗೆ ಹಾಕಿ ಹೆಚ್ಚುವರಿ ಪ್ರತಿಗೆ ಬಳಸಬಹುದು, ಆದರೆ ಏಕೈಕ ಪ್ರತಿಯನ್ನು ಅದರಲ್ಲಿಡಬಾರದು.

ಇವೆಲ್ಲವನ್ನೂ ತೂಗಿ ನೋಡಿದಾಗ, ಸಿದ್ಧ ಡಿಸ್ಕ್ ಮತ್ತು ಜೋಡಿಸಿದ ಡಿಸ್ಕ್‌ಗಳು ಪರಸ್ಪರ ಎದುರಾಳಿಗಳಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬುವ ಜೊತೆಗಾರರು ಎಂದೇ ಹೇಳಬೇಕಾಗುತ್ತದೆ: ಓಡಾಟಕ್ಕೆ ಸಿದ್ಧ ಡಿಸ್ಕ್, ನೆಲೆಯಾಗಿರುವ ಸಂಗ್ರಹಕ್ಕೆ ಬಿಚ್ಚಬಹುದಾದ ಡಿಸ್ಕ್, ಮತ್ತು ಎರಡರಲ್ಲೂ ಒಂದೇ ಡೇಟಾ. ಎರಡೂ ಬೇರೆ ಬೇರೆ ಕಂಪನಿಯವಾಗಿದ್ದರೆ ಒಂದೇ ದೋಷ ಎರಡನ್ನೂ ಒಟ್ಟಿಗೆ ಕೆಡಿಸುವ ಸಂಭವ ಇನ್ನೂ ಕಡಿಮೆಯಾಗುತ್ತದೆ. ಒಂದು ದೊಡ್ಡ ಡಿಸ್ಕ್ ಕೊಳ್ಳುವಷ್ಟು ಹಣವಿರುವವರು ಅದರ ಬದಲು ಎರಡು ಸಣ್ಣ ಡಿಸ್ಕ್ ಕೊಳ್ಳಲಿ. ಮನೆಯಲ್ಲಿ ಈಗಾಗಲೇ ಒಂದೇ ಡಿಸ್ಕಿನಲ್ಲಿ ಎಲ್ಲವನ್ನೂ ಇಟ್ಟಿರುವ ಓದುಗರು ಈ ವಾರವೇ ಎರಡನೆಯ ಪ್ರತಿಯನ್ನು ಮಾಡಿ, ಅದನ್ನು ಬೇರೆ ಊರಿನಲ್ಲಿರುವ ಬಂಧುಗಳಿಗೋ ಸ್ನೇಹಿತರಿಗೋ ಒಪ್ಪಿಸಲಿ.